ಕಣ್ಣೆದುರಿನ ಕಂಬ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದೆ
ದಾದಾಪೀರಣ್ಣನ ಶೆಡ್ಡು.
ಬಾಗಿಲಿಗೆ ಒರಗಿ ನಿಂತಿತ್ತು
ಯಾರದೋ ಮನೆಯ ಅರ್ಧ ಮುಗಿದ ಗ್ರಿಲ್ಲು.
ನಾವು ಐದು ಜನ, ಒಂದು ನಕ್ಷೆ,
ಮಾಡಿಲ್ಲದ ಕಾರಿನ ಅಸ್ಥಿಪಂಜರವನ್ನು
ಬಾಡಿಗೆ ಆಟೋದಲ್ಲಿ ಹೇರಿಕೊಂಡು ಹೋಗಿದ್ದೆವು.
ಓಡಿಸುವವಳು ನಾನು. ಅದಕ್ಕೇ
ಎಲ್ಲರಿಗಿಂತ ಸುಮ್ಮನಿದ್ದೆ.

ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ.
ಕೂತವರ ತಲೆಯ ಸುತ್ತ ಒಂದು ಬಳೆ,
ಮುಂದೆ, ನಟ್ಟನಡುವೆ, ಒಂದು ಕಂಬ.
"ಹವಾಯಿ ಚಪ್ಪಲಿ ಪಟ್ಟಿ ಇದ್ದಂಗೈತಲ್ಲವ್ವಾ,
ಇದನ್ನ ತಲಿ ಮೇಲೆ ಇಟ್ಕಂತೀಯಾ?"
ನಕ್ಕೆವು. ಅವನೂ ನಕ್ಕ.
ಎಡಗಣ್ಣು ಮಾತ್ರ ನಗಲಿಲ್ಲ.
ಅದು ಸುಣ್ಣದ ಕಲ್ಲಿನ ಹಾಗೆ ಬೆಳ್ಳಗಿತ್ತು.

ಹೆಲ್ಮೆಟ್ಟು ತಲೆಯನ್ನು ಕಾಯುತ್ತದೆ ಅಣ್ಣಾ,
ಹೆಲ್ಮೆಟ್ಟನ್ನು ಕಾಯುವವರು ಯಾರೂ ಇರಲಿಲ್ಲ.
ಮುಂದಿನ ಕಾರಿನಿಂದ ಕಳಚಿದ ಚಕ್ರ
ತನ್ನಷ್ಟಕ್ಕೆ ತಾನು ಪುಟಿಯುತ್ತ ಬರುತ್ತದೆ,
ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ.
ಕಾರಿನಿಂದ ಹೊರಗೆ ಇರುವುದು ತಲೆ ಒಂದೇ.
"ಎಷ್ಟು ಭಾರ ತಡೀಬೇಕು?"
ದೊಡ್ಡ ರೇಸುಗಳಲ್ಲಿ ಹನ್ನೆರಡು ಟನ್. ನಮಗೆ ಅಷ್ಟು ಬೇಡ.
ಬೆರಳು ಮಡಚಿ ಲೆಕ್ಕ ಹಾಕಿದ.
"ಮೆಕ್ಕೆಜೋಳ ತುಂಬಿದ ಲಾರಿ.
ಮಾಡಾದಾದ್ರೆ ಅಷ್ಟಕ್ಕೇ ಮಾಡಾನ."

ಪೈಪಿನ ಹೊಟ್ಟೆಗೆ ಮರಳು ತುಂಬಿ
ಎರಡೂ ಬಾಯಿಗೆ ಬೆಣೆ ಬಡಿದು
ಕೆಂಪಗೆ ಕಾಸಿ ಬಗ್ಗಿಸಿದ.
ನಾಲ್ಕು ಪೈಪು ಗುಜರಿಗೆ ಹೋದವು.
"ಬಗ್ಗಬೇಕು, ಸುಕ್ಕಾಗಬಾರ್ದು.
ಸುಕ್ಕಾದಲ್ಲೇ ಮುರಿಯಾದು."

ಮುಗಿದ ದಿನ, ಒಂದ್ಸಲ ಕೂತು ನೋಡ್ತೀನಿ ಅಂದ.
ಕೂತವನು ಮಾತಾಡಲಿಲ್ಲ ಸ್ವಲ್ಪ ಹೊತ್ತು.
"ಇದೇನವ್ವಾ, ದಾರೀನ ಎರಡು ಹೋಳು ಮಾಡೈತಿ.
ನಂಗೆ ಕಂಬಾನೇ ಕಾಣ್ತತಿ."
ಯೋಚಿಸದೆ ಹೇಳಿಬಿಟ್ಟೆ:
ಎರಡು ಕಣ್ಣಿಗೂ ಅದು ಕಾಣಲ್ಲ ಅಣ್ಣಾ,
ಒಂದಕ್ಕೆ ಮರೆಯಾದದ್ದನ್ನು
ಇನ್ನೊಂದು ತುಂಬಿಕೊಡುತ್ತದೆ,
ನಮ್ಮ ಮೂಗು ನಮಗೆ ಅಡ್ಡ ಬರದ ಹಾಗೆ.
ನಾಲಿಗೆ ಕಚ್ಚಿಕೊಂಡದ್ದು ಆಮೇಲೆ.
ಗ್ರೈಂಡರ್ ಕೂಡ ಆಗ ನಿಂತಿತ್ತು.

"ಹತ್ತೊಂಬತ್ತು ವರ್ಷ ಆತು," ಅಂದ,
"ಕನ್ನಡಕ ಹಾಕ್ಕಂಡ್ರೆ ಗೆರೆ ಸರಿಯಾಗಿ ಕಾಣಂಗಿಲ್ಲ ಅಂತ
ಬಿಚ್ಚಿ ಮೊಳಿಗೆ ಹಾಕಿದ್ದೆ."
ಅಷ್ಟೇ.
ಇಳಿಯುವಾಗ ಕೈ ಕೊಟ್ಟೆ. ಹಿಡಿದುಕೊಂಡ.

ಭಾನುವಾರ ಎಪಿಎಂಸಿ ಯಾರ್ಡು ಖಾಲಿ.
ಗುಡಿಸಿ ಉಳಿದ ಜೋಳದ ಕಾಳು
ಗಾಲಿಗೆ ಸಿಕ್ಕಿ ಚಟಪಟ ಸಿಡಿಯುತ್ತಿದ್ದವು.
ಮೂರನೇ ಸುತ್ತು, ಗೋದಾಮಿನ ಮೂಲೆ.
ತಾಡಪಾಲು ಒಣಗಹಾಕಲು ಯಾರೋ
ಲಾರಿಯ ಕೊಂಡಿಯಿಂದ ಲೈಟಿನ ಕಂಬಕ್ಕೆ
ಬಿಗಿದಿದ್ದರು ನೀಲಿ ಹಗ್ಗ,
ಸರಿಯಾಗಿ ನನ್ನ ಕತ್ತಿನ ಎತ್ತರಕ್ಕೆ.
ಎರಡನೇ ಸುತ್ತಿನಲ್ಲಿ ಅದು ಇರಲಿಲ್ಲ.

ಬ್ರೇಕಿಗೆ ಕಾಲು ಹೋಗುವ ಮೊದಲೇ
ತಂಬೂರಿಯ ತಂತಿ ಹರಿದ ಸದ್ದು.
ತಾಡಪಾಲು ಒಂದು ಗಳಿಗೆ
ಆಕಾಶ ಮುಚ್ಚಿ, ಹಿಂದೆಲ್ಲೋ ಬಿತ್ತು.
ಕಾರು ನಿಂತ ಮೇಲೂ ಕೂತೇ ಇದ್ದೆ.
ಕತ್ತು ಮುಟ್ಟಿ ನೋಡಿಕೊಂಡೆ:
ಬೆವರು, ಜೊತೆಗೆ
ಅಮ್ಮ ಕಟ್ಟಿದ ಕರಿದಾರ.

ಸಂಜೆ ಸುದ್ದಿ ತಿಳಿದು ಬಂದ,
ಕೈಯಲ್ಲಿ ಎಣ್ಣೆ ಜಿನುಗುವ ಮಿರ್ಚಿ ಪೊಟ್ಟಣ.
ನನ್ನನ್ನಲ್ಲ, ಕಂಬವನ್ನು ಮೊದಲು ಮುಟ್ಟಿದ.
ಕರಗಿ ಅಂಟಿದ ನೀಲಿ ಗೆರೆಯ ಮೇಲೆ
ಹೆಬ್ಬೆರಳನ್ನು ಮೆಲ್ಲಗೆ ಎಳೆದ.
"ಬಣ್ಣ ಹೋಗೈತಿ. ಹೊಡ್ದು ಕೊಡ್ಲಾ?"
ಬೇಡ ಅಂದೆ.
ಬಿಸಿ ಆರುವ ಮೊದಲು ತಿಂದೆವು.

ಈಗ ಬೇರೆ ಊರಿನ ಟ್ರ್ಯಾಕುಗಳು.
ಬಾವುಟ ಏಳುವ ಮೊದಲು, ಯಾರಿಗೂ ಹೇಳದೆ,
ಎಡಗಣ್ಣು ಮುಚ್ಚುತ್ತೇನೆ.
ಕಂಬ ಎದ್ದು ನಿಲ್ಲುತ್ತದೆ, ಒರಟಾಗಿ,
ಬೆಸುಗೆಯ ಮೀನುಹುರುಪೆ ಸಮೇತ,
ದಾರಿಯನ್ನು ಎರಡು ಹೋಳು ಮಾಡಿ.
ಇದ್ದೀಯಾ, ಅನ್ನುತ್ತೇನೆ.

ಕಣ್ಣು ತೆರೆದರೆ
ಇಲ್ಲ.